ಬೇಹುಗಾರನನ್ನು ಹಿಡಿಯಲು ಬಂದವನೇ ಬೇಹುಗಾರ: ನಕಲಿ ಆಂಟಿ-ಸ್ಪೈವೇರ್ ಗುರುತಿಸೋದು, ಕಿತ್ತೆಸೆಯೋದು ಹೇಗೆ?

ಬೊಗಳೋ ನಾಯಿ ಕಚ್ಚೋದಿಲ್ಲ ಅಂತಾರೆ. ಕಂಪ್ಯೂಟರ್ ವಿಷಯದಲ್ಲಿ ಈ ಗಾದೆಯನ್ನು ನಂಬಿದರೆ ಕೆಟ್ಟಿರಿ. ಇಲ್ಲಿ ಬೊಗಳದ ನಾಯಿಯೂ ಕಚ್ಚುತ್ತದೆ, ಬೊಗಳುವ ನಾಯಿಯೂ ಕಚ್ಚುತ್ತದೆ. ನಿಜವಾದ ಸ್ಪೈವೇರ್, ಅಂದರೆ ನಮ್ಮ ಮೇಲೆ ಕಣ್ಣಿಡುವ ತಂತ್ರಾಂಶ, ಸದ್ದಿಲ್ಲದೆ ಒಳಗೆ ಕೂತಿರುತ್ತದೆ. ಸಿಕ್ಕಿಬೀಳಬಾರದು ಅನ್ನುವುದೇ ಅದರ ಕಸುಬು. ಆದರೆ ಪರದೆ ತುಂಬಾ ಕೆಂಪು ಬಣ್ಣ ಹಚ್ಚಿ, ಸೈರನ್ ಹೊಡೆದು, ‘ನಿಮ್ಮ ಕಂಪ್ಯೂಟರಿನಲ್ಲಿ ಸ್ಪೈವೇರ್ ಇದೆ, ಈಗಲೇ ಇದನ್ನು ಹಾಕಿಕೊಳ್ಳಿ’ ಎಂದು ಅರಚುವ ಇನ್ನೊಂದು ಜಾತಿ ಇದೆ. ಕಾವಲುಗಾರನ ವೇಷ ಹಾಕಿ ಬರುವ ಕಳ್ಳ ಅದು.

ನಾನು ವಿಜಯಪುರದವನು. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡಲ್ಲ. ಆದರೂ ಗೆಳೆಯರ ಮಷೀನ್ ಕೈಕೊಟ್ಟರೆ ಫೋನ್ ಬರುವುದು ನನಗೇ. ನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ರೂಮು, ಅಥಣಿ ರಸ್ತೆಯ ಟಿಕೋಟಾದಲ್ಲಿ ಆನ್‌ಲೈನ್ ಸೆಂಟರು, ಜಮಖಂಡಿ ರಸ್ತೆಯ ಬಬಲೇಶ್ವರದಲ್ಲಿ ದ್ರಾಕ್ಷಿ ಬೆಳೆಗಾರರೊಬ್ಬರ ಮನೆಯ ಲ್ಯಾಪ್‌ಟಾಪು. ಮೂರೂ ಕಡೆ ಕೇಳಿದ ಮಾತು ಒಂದೇ: ‘ವೈರಸ್ ಬಂದೈತಂತ ಒದರಾಕತ್ತೈತ್ರಿ, ಕ್ಯಾನ್ಸಲ್ ಹೊಡದ್ರೂ ಹೋಗವಲ್ದು.’

ಈ ಒದರುವಿಕೆಯ ಹಿಂದೆ ಏನಿದೆ, ಅದನ್ನು ಗುರುತಿಸಿ ತೆಗೆಯುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಕೊನೆಗೆ, ಇದು ಬರೀ ಟೆಕ್ನಿಕಲ್ ಸಮಸ್ಯೆ ಯಾಕಲ್ಲ ಅನ್ನುವುದನ್ನೂ ನೋಡೋಣ.

ಪೆಗಾಸಸ್ ಭಯವನ್ನೇ ಮಾರಿಕೊಂಡವರು

2021ರ ಜುಲೈ ನೆನಪಿದೆಯಲ್ಲ? ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಸ್ಪೈವೇರ್ ಕುರಿತ ತನಿಖಾ ವರದಿಗಳು ಜಗತ್ತಿನಾದ್ಯಂತ ಹೊರಬಂದವು. ಸಂಭಾವ್ಯ ಗುರಿಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರೂ ಬಂತು. 2019ರಲ್ಲಿ ಮೈತ್ರಿ ಸರ್ಕಾರ ಉರುಳುವ ಹೊತ್ತಿಗೆ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆ, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು ಆ ಪಟ್ಟಿಯಲ್ಲಿದ್ದವು ಎಂದು ‘ದಿ ವೈರ್’ ವರದಿ ಮಾಡಿತು. ಸುಪ್ರೀಂ ಕೋರ್ಟ್ ಅದೇ ಅಕ್ಟೋಬರಿನಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಸಮಿತಿ 29 ಫೋನ್ ಪರೀಕ್ಷಿಸಿ, 5ರಲ್ಲಿ ಒಂದಿಲ್ಲೊಂದು ಕುತಂತ್ರಾಂಶ ಕಂಡುಬಂದಿದೆ, ಆದರೆ ಅದು ಪೆಗಾಸಸ್ಸೇ ಎನ್ನಲು ಖಚಿತ ಪುರಾವೆ ಇಲ್ಲ ಎಂದು ಹೇಳಿದ್ದು 2022ರ ಆಗಸ್ಟಿನಲ್ಲಿ ಹೊರಬಂತು.

ಈ ನಡುವೆ ಪತ್ರಕರ್ತರಿಗೆ, ಹೋರಾಟಗಾರರಿಗೆ, ವಿದ್ಯಾರ್ಥಿ ಮುಖಂಡರಿಗೆ ಕಾಡಿದ ಪ್ರಶ್ನೆ ಒಂದೇ: ‘ನನ್ನ ಮೇಲೂ ಕಣ್ಣಿಟ್ಟಿದ್ದಾರಾ?’

ಈ ಪ್ರಶ್ನೆಗೆ ಕಳ್ಳರು ಬಹಳ ಬೇಗ ಉತ್ತರ ತಯಾರು ಮಾಡಿದರು. ಪೆಗಾಸಸ್ ಪತ್ತೆಗೆ ಕೆಲಸ ಮಾಡಿದ್ದ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ಜಾಲತಾಣವನ್ನೇ ಹೋಲುವ ನಕಲಿ ತಾಣ ಕಟ್ಟಿ, ‘ಆಮ್ನೆಸ್ಟಿ ಆಂಟಿ ಪೆಗಾಸಸ್’ ಹೆಸರಿನ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಸಿಸ್ಕೋ ಕಂಪನಿಯ ಸಂಶೋಧನಾ ತಂಡ ಟಾಲೋಸ್ ಇದನ್ನು 2021ರ ಸೆಪ್ಟೆಂಬರ್ ಕೊನೆಯಲ್ಲಿ ಬಯಲು ಮಾಡಿತು. ತೆರೆದರೆ ಥೇಟ್ ಆಂಟಿವೈರಸ್ ಥರಾನೇ ಕಾಣುತ್ತಿತ್ತು. ಒಳಗಿದ್ದದ್ದು ಮಾತ್ರ ‘ಸಾರ್ವೆಂಟ್’ ಎಂಬ ಕುತಂತ್ರಾಂಶ: ದೂರದಲ್ಲಿ ಕೂತವನ ಕೈಗೆ ನಿಮ್ಮ ಇಡೀ ಕಂಪ್ಯೂಟರ್ ಕೊಡುವಂಥದ್ದು. ಇದರ ಸುಳಿವು ಸಿಕ್ಕ ದೇಶಗಳ ಪಟ್ಟಿಯಲ್ಲಿ ಭಾರತವೂ ಇತ್ತು.

ಇದರ ಕ್ರೌರ್ಯ ನೋಡಿ. ಯಾರು ಬೇಹುಗಾರಿಕೆಗೆ ಹೆದರಿದ್ದರೋ, ಯಾರಿಗೆ ಹೆದರಲು ನಿಜವಾದ ಕಾರಣವಿತ್ತೋ, ಅವರೇ ತಮ್ಮ ಕೈಯಾರೆ ಬೇಹುಗಾರನಿಗೆ ಬಾಗಿಲು ತೆರೆದುಕೊಡಬೇಕಿತ್ತು. ಆಮ್ನೆಸ್ಟಿಯ ಅಸಲಿ ಪರೀಕ್ಷಾ ಸಾಧನ ‘ಮೊಬೈಲ್ ವೆರಿಫಿಕೇಷನ್ ಟೂಲ್‌ಕಿಟ್’. ಅದು ಫೋನ್ ತಪಾಸಣೆಗೆ ಇರುವಂಥದ್ದು, ಕಮಾಂಡ್ ಟೈಪ್ ಮಾಡಿ ಬಳಸಬೇಕು, ತಿಳಿದವರ ನೆರವು ಬೇಕು. ‘ಒಂದೇ ಕ್ಲಿಕ್ಕಿನಲ್ಲಿ ಪೆಗಾಸಸ್ ಮಾಯ’ ಎಂದು ಯಾರಾದರೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಲಿಂಕ್ ಹಾಕಿದರೆ, ಅದನ್ನು ಒತ್ತುವುದಿರಲಿ, ಫಾರ್ವರ್ಡ್ ಕೂಡ ಮಾಡಬೇಡಿ.

ಹಳೇ ದಂಧೆ, ಹೊಸ ಅಂಗಿ

ಭಯ ಹುಟ್ಟಿಸಿ ಔಷಧ ಮಾರುವ ಈ ದಂಧೆಗೆ ಇಪ್ಪತ್ತು ವರ್ಷದ ಇತಿಹಾಸವಿದೆ. ‘ಸ್ಪೈಶೆರಿಫ್’, ‘ವಿನ್‌ಫಿಕ್ಸರ್’, ‘ಆಂಟಿವೈರಸ್ ಎಕ್ಸ್‌ಪಿ 2008’ ಇವೆಲ್ಲ ಒಂದು ಕಾಲದಲ್ಲಿ ಸೈಬರ್ ಕೆಫೆಗಳಲ್ಲಿ ಕೂತವರಿಗೆ ಗೊತ್ತಿರುವ ಹೆಸರುಗಳು. ವಿನ್‌ಫಿಕ್ಸರ್ ಮಾರುತ್ತಿದ್ದ ಜಾಲದ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ಕೋರ್ಟಿಗೆ ಹೋಯಿತು. 10 ಲಕ್ಷಕ್ಕೂ ಹೆಚ್ಚು ಜನ ಮೋಸಹೋಗಿದ್ದಾರೆ ಎಂಬುದು ಕಮಿಷನ್ನಿನ ದೂರು. 2012ರಲ್ಲಿ 16.3 ಕೋಟಿ ಡಾಲರ್ ಕಟ್ಟುವಂತೆ ತೀರ್ಪು ಬಂತು.

ಮಾಡುವವರೆಲ್ಲ ಕತ್ತಲಲ್ಲಿ ಕೂತ ಕಳ್ಳರೇ ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಅಂಗಡಿ ಸರಪಳಿ ಆಫೀಸ್ ಡಿಪೋ ಗ್ರಾಹಕರಿಗೆ ‘ಉಚಿತ ಪಿಸಿ ತಪಾಸಣೆ’ ಕೊಡುತ್ತಿತ್ತು. ಮೊದಲು ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವೇ? ಪಾಪ್-ಅಪ್ ಬರುತ್ತವೆಯೇ? ಹೀಗೆ. ಯಾವುದಾದರೂ ಒಂದಕ್ಕೆ ಟಿಕ್ ಹಾಕಿದರೆ ಸಾಕು, ‘ಕುತಂತ್ರಾಂಶದ ಲಕ್ಷಣ ಪತ್ತೆ’ ಎಂದು ವರದಿ ಬರುತ್ತಿತ್ತು. ಆಮೇಲೆ ನಡೆಯುವ ಸ್ಕ್ಯಾನ್ ಬರೀ ನಾಟಕ! 2019ರಲ್ಲಿ ಆಫೀಸ್ ಡಿಪೋ ಮತ್ತು ತಂತ್ರಾಂಶ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಸೇರಿ 3.5 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡವು. 2024ರಲ್ಲಿ ರೆಸ್ಟೋರೊ ಮತ್ತು ರೀಇಮೇಜ್ ಎಂಬ ಕಂಪನಿಗಳು, ವಿಂಡೋಸ್ ಎಚ್ಚರಿಕೆಯ ಹಾಗೆ ಕಾಣುವ ನಕಲಿ ಪಾಪ್-ಅಪ್ ತೋರಿಸಿ ಜನರನ್ನು ಹೆದರಿಸಿದ ಆರೋಪದಲ್ಲಿ 2.6 ಕೋಟಿ ಡಾಲರ್ ಕಟ್ಟಲು ಒಪ್ಪಿದವು.

ನಮ್ಮ ದೇಶ ಇದರಿಂದ ದೂರವಿಲ್ಲ. ಪರದೆಯ ಮೇಲೆ ಬರುವ ಫೋನ್ ನಂಬರಿಗೆ ಕರೆ ಮಾಡಿದರೆ ‘ಟೆಕ್ ಸಪೋರ್ಟ್’ ಎಂದು ಎತ್ತುವ ಅಕ್ರಮ ಕಾಲ್ ಸೆಂಟರ್‌ಗಳು ಇಲ್ಲೇ ಇವೆ. 2023ರ ಅಕ್ಟೋಬರಿನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ 76 ಕಡೆ ಶೋಧ ನಡೆಸಿತು. ಅದರ ಹಿಂದಿದ್ದ ಪ್ರಕರಣಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳ ದೂರುಗಳೂ ಇದ್ದವು. ತಮ್ಮ ಹೆಸರಿನಲ್ಲಿ ಟೆಕ್ ಸಪೋರ್ಟ್ ನಾಟಕ ನಡೆದಿದೆ ಅನ್ನುವುದು ಆ ದೂರುಗಳ ಸಾರ. ಆ ಕಾಲ್ ಸೆಂಟರುಗಳ ಕುರ್ಚಿಗಳಲ್ಲಿ ಕೂರುವವರು ಹೆಚ್ಚಿನವರು ಕೆಲಸ ಹುಡುಕುತ್ತಿರುವ ನಮ್ಮ ವಯಸ್ಸಿನವರೇ ಅನ್ನುವುದನ್ನು ಮರೆಯುವ ಹಾಗಿಲ್ಲ.

ನಕಲಿ ಅಂತ ಗುರುತಿಸೋದು ಹೇಗೆ?

ನಾನು ನೋಡುವ ಗುರುತು ಐದು.

ಒಂದು, ಫೋನ್ ನಂಬರ್. ಮೈಕ್ರೋಸಾಫ್ಟಿನ ಅಸಲಿ ಎಚ್ಚರಿಕೆಯಲ್ಲಿ ಫೋನ್ ನಂಬರ್ ಎಂದಿಗೂ ಇರುವುದಿಲ್ಲ. ಇದನ್ನು ಕಂಪನಿಯೇ ಹೇಳಿದೆ. ಪರದೆಯಲ್ಲಿ ‘ಈ ನಂಬರಿಗೆ ಕರೆ ಮಾಡಿ’ ಎಂದಿದ್ದರೆ ಮುಗಿಯಿತು, ಅದು ನಕಲಿ.

ಎರಡು, ಬ್ರೌಸರ್ ಒಳಗಿನ ಸ್ಕ್ಯಾನ್. ನೀವು ತೆರೆದ ವೆಬ್ ಪುಟವೊಂದು ನಿಮ್ಮ ಇಡೀ ಹಾರ್ಡ್ ಡಿಸ್ಕ್ ಸ್ಕ್ಯಾನ್ ಮಾಡಲು ಸಾಧ್ಯವೇ ಇಲ್ಲ. ಹತ್ತು ಸೆಕೆಂಡಿನಲ್ಲಿ ‘347 ವೈರಸ್ ಸಿಕ್ಕಿವೆ’ ಎಂದು ಓಡುವ ಪಟ್ಟಿ ಮೊದಲೇ ಮಾಡಿಟ್ಟ ಚಿತ್ರ. ಅದೇ ಪುಟವನ್ನು ನೀವು ಮೊಬೈಲಿನಲ್ಲಿ ತೆರೆದರೂ ಅಷ್ಟೇ ವೈರಸ್ ತೋರಿಸುತ್ತದೆ.

ಮೂರು, ಪರದೆಯ ಬಲ ಮೂಲೆಯಲ್ಲಿ ಪದೇ ಪದೇ ಪುಟಿಯುವ ‘ನಿಮ್ಮ ಆಂಟಿವೈರಸ್ ಅವಧಿ ಮುಗಿದಿದೆ’ ಎಂಬ ಚೀಟಿ. ನಾನು ನೋಡಿದ ಮಷೀನುಗಳಲ್ಲಿ ಹೆಚ್ಚಿನವು ಈ ಬಗೆಯವೇ. ಇದು ವೈರಸ್ಸೂ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ತಾಣದಲ್ಲಿ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಅಂದಾಗ ಒತ್ತಿರುತ್ತಾರೆ. ಆ ತಾಣಕ್ಕೆ ಚೀಟಿ ಕಳಿಸುವ ಅನುಮತಿ ಸಿಕ್ಕಿರುತ್ತದೆ, ಅಷ್ಟೇ.

ನಾಲ್ಕು, ನೀವು ಹಾಕಿಕೊಳ್ಳದ ‘ಕ್ಲೀನರ್’, ‘ಡಿಫೆಂಡರ್ ಪ್ರೊ’, ‘ಸೆಕ್ಯುರಿಟಿ ಟೂಲ್’ ನಮೂನೆಯ ಹೆಸರು ಡೆಸ್ಕ್‌ಟಾಪಿನಲ್ಲಿ ಕಾಣುವುದು. ದೋಷ ತೋರಿಸಲು ಫ್ರೀ, ತೆಗೆಯಲು ದುಡ್ಡು. ಕಂಪ್ಯೂಟರಿನಲ್ಲಿ ಮೊದಲೇ ಇರುವ ‘ವಿಂಡೋಸ್ ಸೆಕ್ಯುರಿಟಿ’ ತೆರೆಯಲು ಬಿಡುವುದಿಲ್ಲ, ಟಾಸ್ಕ್ ಮ್ಯಾನೇಜರ್ ತೆರೆಯಲೂ ಬಿಡುವುದಿಲ್ಲ.

ಐದು, ದುಡ್ಡು ಕೇಳುವ ರೀತಿ. ಗಿಫ್ಟ್ ಕಾರ್ಡ್, ಯಾರದೋ ಖಾಸಗಿ ಯುಪಿಐ ಐಡಿ, ಇಲ್ಲವೇ ‘ಎನಿಡೆಸ್ಕ್ ಹಾಕ್ಕೊಳ್ಳಿ, ನಾವೇ ಸರಿ ಮಾಡ್ತೀವಿ’ ಅನ್ನುವುದು. ಎನಿಡೆಸ್ಕ್, ಟೀಮ್‌ವ್ಯೂವರ್ ಸ್ವತಃ ಕೆಟ್ಟ ತಂತ್ರಾಂಶಗಳಲ್ಲ. ಆದರೆ ಗೊತ್ತಿಲ್ಲದವನಿಗೆ ಅದರ ಕೋಡ್ ಕೊಡುವುದೆಂದರೆ ಮನೆಯ ಬೀಗದ ಕೈ ಕೊಟ್ಟಂತೆ.

ಒಳಗೆ ಬರುವ ದಾರಿಗಳೂ ಗೊತ್ತಿರಲಿ. ನಮ್ಮ ಕಡೆ ದೊಡ್ಡ ದಾರಿ ಎಂದರೆ ಕ್ರ್ಯಾಕ್ ಮಾಡಿದ ವಿಂಡೋಸ್ ಮತ್ತು ಆಫೀಸ್. ‘ಆಕ್ಟಿವೇಟರ್ ಓಡಿಸುವ ಮುನ್ನ ಡಿಫೆಂಡರ್ ಬಂದ್ ಮಾಡಿ’ ಎಂದು ಅದರಲ್ಲೇ ಬರೆದಿರುತ್ತದೆ. ಕಾವಲುಗಾರನನ್ನು ನಾವೇ ಮನೆಗೆ ಕಳಿಸಿದ ಮೇಲೆ ಕಳ್ಳನನ್ನು ಬೈದು ಏನು ಪ್ರಯೋಜನ? ಎರಡನೇ ದಾರಿ, ನುಡಿಯಂಥ ಕನ್ನಡ ಟೈಪಿಂಗ್ ತಂತ್ರಾಂಶವನ್ನೋ ಪಿಡಿಎಫ್ ಕನ್ವರ್ಟರನ್ನೋ ಗೂಗಲ್‌ನಲ್ಲಿ ಹುಡುಕಿ, ಸಿಕ್ಕ ತಾಣದ ಅತಿ ದೊಡ್ಡ ಹಸಿರು ‘ಡೌನ್‌ಲೋಡ್’ ಬಟನ್ ಒತ್ತುವುದು. ಆ ಬಟನ್ ಹಲವು ಸಲ ಜಾಹೀರಾತು.

ತೆಗೆಯೋದು ಹೇಗೆ? ರೋಗಕ್ಕೆ ತಕ್ಕ ಮದ್ದು

ಏನು ಮಾಡುವ ಮೊದಲೂ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದುಕೊಳ್ಳಿ. ನಾಳೆ ದೂರು ಕೊಡಬೇಕಾದರೆ ಬೇಕು. ಸೀದಾ ಅಂಗಡಿಗೆ ಒಯ್ದು ‘ಫಾರ್ಮ್ಯಾಟ್ ಹೊಡೀರಿ’ ಅಂದರೆ ಸಾಕ್ಷಿಯೂ ಹೋಗುತ್ತದೆ, ಫೈಲೂ ಹೋಗುತ್ತದೆ.

*ಬರೀ ಬ್ರೌಸರಿನಲ್ಲಿ ಒದರುತ್ತಿದ್ದರೆ:* ಆ ಪುಟದ ಒಳಗಿರುವ ಯಾವ ಬಟನ್ನನ್ನೂ ಮುಟ್ಟಬೇಡಿ. ‘ಕ್ಯಾನ್ಸಲ್’, ‘ಎಕ್ಸ್’ ಗುರುತು ಕೂಡ ನಕಲಿಯಾಗಿರಬಹುದು. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಫುಲ್ ಸ್ಕ್ರೀನ್ ಬಿಡುತ್ತದೆ. ಬಿಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಬ್ರೌಸರ್ ಆಯ್ಕೆ ಮಾಡಿ ‘ಎಂಡ್ ಟಾಸ್ಕ್’ ಕೊಡಿ. ಮತ್ತೆ ತೆರೆದಾಗ ‘ಹಳೆಯ ಪುಟಗಳನ್ನು ರಿಸ್ಟೋರ್ ಮಾಡಲೇ’ ಎಂದು ಕೇಳಿದರೆ ಬೇಡ ಅನ್ನಿ. ಆಮೇಲೆ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅಲ್ಲಿ ‘ನೋಟಿಫಿಕೇಷನ್ಸ್’. ಅಲೋ ಪಟ್ಟಿಯಲ್ಲಿರುವ ಅಪರಿಚಿತ ತಾಣಗಳನ್ನೆಲ್ಲ ಕಿತ್ತುಹಾಕಿ. ಎಕ್ಸ್‌ಟೆನ್ಷನ್ ಪಟ್ಟಿಯಲ್ಲೂ ನಿಮಗೆ ಗೊತ್ತಿಲ್ಲದ್ದನ್ನು ತೆಗೆಯಿರಿ. ಬಹಳಷ್ಟು ಸಲ ಕಥೆ ಇಲ್ಲಿಗೇ ಮುಗಿಯುತ್ತದೆ. ಐದು ನಿಮಿಷದ ಕೆಲಸ, ಫಾರ್ಮ್ಯಾಟ್ ಬೇಕಿಲ್ಲ.

*ತಂತ್ರಾಂಶವೇ ಒಳಗೆ ಕೂತಿದ್ದರೆ:* ಮೊದಲು ಇಂಟರ್‌ನೆಟ್ ಕಿತ್ತುಬಿಡಿ. ಸೆಟ್ಟಿಂಗ್ಸ್‌ನ ‘ಆ್ಯಪ್ಸ್’ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ತೊಂದರೆ ಶುರುವಾದ ದಿನ ಏನೇನು ಸೇರಿಕೊಂಡಿದೆಯೋ ಗೊತ್ತಾಗುತ್ತದೆ, ತೆಗೆಯಿರಿ. ತೆಗೆಯಲು ಬಿಡದಿದ್ದರೆ ಶಿಫ್ಟ್ ಒತ್ತಿ ಹಿಡಿದು ‘ರೀಸ್ಟಾರ್ಟ್’ ಕೊಡಿ. ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ ದಾರಿಯಲ್ಲಿ ಹೋಗಿ ಮತ್ತೆ ರೀಸ್ಟಾರ್ಟ್ ಕೊಟ್ಟು 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ನಕಲಿಗಳು ಸಾಮಾನ್ಯವಾಗಿ ತಾವಾಗಿ ಏಳುವುದಿಲ್ಲ, ತೆಗೆಯುವುದು ಸುಲಭ.

ಆಮೇಲೆ ಸಾಮಾನ್ಯ ರೀತಿಯಲ್ಲೇ ಕಂಪ್ಯೂಟರ್ ಆನ್ ಮಾಡಿ ವಿಂಡೋಸ್ ಸೆಕ್ಯುರಿಟಿ ತೆರೆಯಿರಿ. ‘ಎಕ್ಸ್‌ಕ್ಲೂಷನ್ಸ್’ ಪಟ್ಟಿಯನ್ನು ಮೊದಲು ನೋಡಿ. ‘ಈ ಫೋಲ್ಡರ್ ಮುಟ್ಟಬೇಡ’ ಎಂದು ಕಳ್ಳ ಬರೆದಿಟ್ಟಿರುತ್ತಾನೆ, ಅದನ್ನು ಅಳಿಸಿ. ನಂತರ ‘ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ, ಸುಮಾರು 15 ನಿಮಿಷ ಬೇಕು. ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಅಥವಾ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಸಾಕು. ಬೇರೆ ಸ್ವಚ್ಛ ಕಂಪ್ಯೂಟರಿನಲ್ಲಿ, ಆಯಾ ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಶುರುಮಾಡಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲೂ ಉಚಿತ ಸಾಧನಗಳಿವೆ. ವಿಳಾಸ: ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್. ಕೊನೆಗೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ನೀವು ಹಾಕದ ‘ಪ್ರಾಕ್ಸಿ’ ಆನ್ ಆಗಿದ್ದರೆ ಆಫ್ ಮಾಡಿ.

*ಯಾರೋ ದೂರದಿಂದ ಒಳಹೊಕ್ಕಿದ್ದರೆ, ಇಲ್ಲವೇ ಸಾರ್ವೆಂಟ್ ನಮೂನೆಯ ಅನುಮಾನವಿದ್ದರೆ:* ಇಲ್ಲಿ ಸ್ಕ್ಯಾನ್ ನೆಚ್ಚಿಕೊಂಡು ಕೂರಬೇಡಿ. ಸಾರ್ವೆಂಟ್ ಕಂಪ್ಯೂಟರಿನಲ್ಲಿ ಗುಟ್ಟಾಗಿ ಹೊಸ ಬಳಕೆದಾರ ಖಾತೆ ತೆರೆದು, ಹೊರಗಿನಿಂದ ಬರಲು ದಾರಿ ಮಾಡಿಕೊಳ್ಳಬಲ್ಲದು. ಕುತಂತ್ರಾಂಶ ಹೋದರೂ ಆ ಹಿಂಬಾಗಿಲು ಉಳಿದುಬಿಡಬಹುದು. ಸೆಟ್ಟಿಂಗ್ಸ್‌ನ ‘ಅಕೌಂಟ್ಸ್’ನಲ್ಲಿ ಅಪರಿಚಿತ ಹೆಸರಿದೆಯೇ ನೋಡಿ. ನಿಮ್ಮ ದಾಖಲೆ, ಫೋಟೊಗಳನ್ನಷ್ಟೇ ಉಳಿಸಿಕೊಳ್ಳಿ, ತಂತ್ರಾಂಶಗಳನ್ನು ನಕಲು ಮಾಡಬೇಡಿ, ವಿಂಡೋಸ್ ಹೊಸದಾಗಿ ಹಾಕಿ. ಪಾಸ್‌ವರ್ಡುಗಳನ್ನು ಬೇರೆ ಮಷೀನಿನಿಂದ ಬದಲಿಸಿ: ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದದ್ದು. ಎಲ್ಲ ಕಡೆ ‘ಲಾಗ್‌ಔಟ್ ಫ್ರಮ್ ಆಲ್ ಡಿವೈಸಸ್’ ಕೊಟ್ಟು ಎರಡು ಹಂತದ ಪರಿಶೀಲನೆ ಆನ್ ಮಾಡಿ. ವಾಟ್ಸ್ಆ್ಯಪ್ ವೆಬ್ ಮರೆಯಬೇಡಿ. ಸಂಘಟನೆಯಲ್ಲಿರುವವರಾದರೆ ನಿಮ್ಮ ಜೊತೆಗಾರರಿಗೂ ತಿಳಿಸಿ. ಯಾಕೆಂದರೆ ನಿಮ್ಮ ಚಾಟ್ ಓದಿದವನು ಅವರದ್ದನ್ನೂ ಓದಿದ್ದಾನೆ.

ದುಡ್ಡು ಹೋಗಿದ್ದರೆ

ನಾಚಿಕೆ ಪಟ್ಟು ಸುಮ್ಮನಿರುವುದೇ ಕಳ್ಳನಿಗೆ ದೊಡ್ಡ ಲಾಭ. ಕೂಡಲೇ 1930ಕ್ಕೆ ಕರೆ ಮಾಡಿ, ಜೊತೆಗೆ ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಆನ್‌ಲೈನ್ ದೂರು ಕೊಡಬಹುದು, ವಿಜಯಪುರದ ಸಿಇಎನ್ ಠಾಣೆಗೂ ಹೋಗಬಹುದು. ವಹಿವಾಟಿನ ಸಂಖ್ಯೆ, ಕರೆ ಬಂದ ನಂಬರ್, ಪರದೆಯ ಫೋಟೊ ಜೊತೆಗಿರಲಿ. ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66-ಡಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರಿಂದ ನಡೆದ ಅನಧಿಕೃತ ವಹಿವಾಟನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಒಟಿಪಿ, ಪಾಸ್‌ವರ್ಡ್ ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಅಂದರೆ ಯಾವ ಲೆಕ್ಕದಲ್ಲಿ ನೋಡಿದರೂ ಪ್ರತಿ ಗಂಟೆಗೂ ಬೆಲೆಯಿದೆ.

ಇದು ಒಬ್ಬರ ಕಂಪ್ಯೂಟರಿನ ಪ್ರಶ್ನೆಯಲ್ಲ

‘ಜಾಗೃತರಾಗಿರಿ’ ಎಂದು ಹೇಳಿ ಮುಗಿಸಬಹುದಿತ್ತು. ಸರ್ಕಾರಿ ಜಾಹೀರಾತುಗಳು ಮಾಡುವುದು ಅದನ್ನೇ. ಆದರೆ ಟಿಕೋಟಾದ ಆ ಆನ್‌ಲೈನ್ ಸೆಂಟರಿನ ಮಷೀನನ್ನು ಸ್ವಲ್ಪ ನೋಡಿ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸುತ್ತಲಿನ ಊರುಗಳ ಜನರ ಆಧಾರ್ ಪ್ರತಿ, ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ವಿದ್ಯಾರ್ಥಿವೇತನದ ಅರ್ಜಿಗೆ ಹಾಕಿದ ಹುಡುಗಿಯರ ಫೋಟೊ ಮತ್ತು ಮೊಬೈಲ್ ನಂಬರ್. ನಕಲಿ ಆಂಟಿ-ಸ್ಪೈವೇರ್ ಹೊಕ್ಕಿದ್ದು ಒಂದು ಕಂಪ್ಯೂಟರಿಗೆ, ತೆರೆದುಕೊಂಡಿದ್ದು ಹತ್ತಾರು ಹಳ್ಳಿಗಳ ಪೆಟ್ಟಿಗೆ.

ಆ ಸೆಂಟರಿನವನನ್ನು ಬೈದು ಪ್ರಯೋಜನವಿಲ್ಲ. ಒಂದು ಅರ್ಜಿಗೆ ಮೂವತ್ತು-ಐವತ್ತು ರೂಪಾಯಿ ದುಡಿಯುವವನು ಅಸಲಿ ವಿಂಡೋಸ್ ಕೊಳ್ಳಲಿಕ್ಕೆ ಸಾವಿರಗಟ್ಟಲೆ ಎಲ್ಲಿಂದ ತರಬೇಕು? ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಮಷೀನುಗಳು ಬಹಳಷ್ಟು ಹೊಸ ವಿಂಡೋಸ್ 11 ತಾಳುವುದಿಲ್ಲ. ಬೆಳೆ ವಿಮೆಯಿಂದ ಹಿಡಿದು ನೌಕರಿ ಅರ್ಜಿಯವರೆಗೆ ಎಲ್ಲವನ್ನೂ ಆನ್‌ಲೈನ್ ಮಾಡಿದ್ದು ಸರ್ಕಾರ. ಟಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳಾದವು, ಕಚೇರಿ ಬಂದವು, ಆದರೂ ಅರ್ಜಿ ಹಾಕಲು ಜನ ಹೋಗುವುದು ಝೆರಾಕ್ಸ್ ಅಂಗಡಿಗೇ. ಸರ್ಕಾರದ ಸೇವೆ ಆ ಅಂಗಡಿಯ ಕಂಪ್ಯೂಟರಿನ ಮೇಲೆ ನಿಂತಿದೆ, ಆ ಕಂಪ್ಯೂಟರಿನ ಸುರಕ್ಷತೆ ಮಾತ್ರ ಸರ್ಕಾರದ ಲೆಕ್ಕದಲ್ಲಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂತು. ಟಿಕೋಟಾದ ಡೌನ್‌ಲೋಡ್ಸ್ ಫೋಲ್ಡರಿಗೆ ಅದು ಇನ್ನೂ ಇಳಿದಿಲ್ಲ.

ಹಾಗಾಗಿ ಕೇಳಬೇಕಾದ್ದನ್ನು ಕೇಳೋಣ. ಗ್ರಾಮ ಒನ್, ಸೇವಾ ಕೇಂದ್ರಗಳ ಕಂಪ್ಯೂಟರುಗಳಿಗೆ ನಿಯಮಿತ ತಪಾಸಣೆ ಬೇಕು. ಕೆಲಸ ಮುಗಿದ ಕೂಡಲೇ ದಾಖಲೆ ಅಳಿಸುವ ನಿಯಮ ಬೇಕು, ಅದು ಗೋಡೆಯ ಮೇಲೆ ಕನ್ನಡದಲ್ಲಿ ಕಾಣಬೇಕು. ಗ್ರಾಮ ಪಂಚಾಯಿತಿಯ ‘ಅರಿವು ಕೇಂದ್ರ’ಗಳಲ್ಲಿ ಇದನ್ನು ಕಲಿಸುವ ವ್ಯವಸ್ಥೆ ಆಗಬೇಕು. ಜಿಲ್ಲಾ ಪಂಚಾಯಿತಿಗೆ ಅರ್ಜಿ ಕೊಡಿ, ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಕಾಲೇಜು ಗೆಳೆಯರು ನಾಲ್ಕು ಜನ ಸೇರಿದರೆ ಒಂದು ಭಾನುವಾರ ಒಂದು ಪೇಟೆಯ ಸೆಂಟರುಗಳನ್ನೆಲ್ಲ ನೋಡಿ ಮುಗಿಸಬಹುದು: ನೋಟಿಫಿಕೇಷನ್ ಪಟ್ಟಿ ಸ್ವಚ್ಛ ಮಾಡುವುದು, ಡಿಫೆಂಡರ್ ಆನ್ ಮಾಡುವುದು, ಡೌನ್‌ಲೋಡ್ಸ್ ಖಾಲಿ ಮಾಡಿಸುವುದು. ಹೊರಡುವಾಗ ಮಾನಿಟರಿನ ಪಕ್ಕ ಒಂದು ಚೀಟಿ ಅಂಟಿಸಿ: ‘ಪರದೆ ಒದರಿದರೆ ಏನೂ ಒತ್ತಬೇಡಿ. ಫೋಟೊ ತೆಗೀರಿ. ನಂಬರಿಗೆ ಕರೆ ಮಾಡಬೇಡಿ. ದುಡ್ಡು ಹೋಗಿದ್ದರೆ 1930.’